ಮಡಿಸಬಲ್ಲ ಛಾವಣಿಯ ವಾಹನಗಳಲ್ಲಿ ನೀರು ಸೋರಿಕೆ ತಡೆ

ಮಡಿಸಬಲ್ಲ ಛಾವಣಿಯ ವಾಹನಗಳಲ್ಲಿ ನೀರು ಸೋರಿಕೆ ತಡೆ ಎಂಬುದು, ಬೇಕೆಂದಾಗ ತೆರೆದು ಬೇಡವೆಂದಾಗ ಮುಚ್ಚಬಹುದಾದ ಮೇಲುಹೊದಿಕೆಯುಳ್ಳ ಕಾರು ಮತ್ತು ಜೀಪುಗಳ ಒಳಕ್ಕೆ ಮಳೆನೀರು ಇಳಿಯದಂತೆ ಕೈಗೊಳ್ಳುವ ಕ್ರಮಗಳ ಒಟ್ಟು ಹೆಸರು. ಇಂತಹ ಕಾರನ್ನು ಕನ್ವರ್ಟಿಬಲ್ ಎನ್ನುತ್ತಾರೆ. ಕರ್ನಾಟಕದಲ್ಲಿ ಐಷಾರಾಮಿ ಕನ್ವರ್ಟಿಬಲ್ ಕಾರುಗಳ ಸಂಖ್ಯೆ ಕಡಿಮೆ. ಆದರೆ ಮಡಿಸುವ ಹೊದಿಕೆಯ ಜೀಪು ಮಲೆನಾಡಿನಲ್ಲಿ ದಶಕಗಳಿಂದ ದಿನಬಳಕೆಯ ವಾಹನವಾಗಿದ್ದು, ಆಡುಮಾತಿನಲ್ಲಿ ಅದರ ಹೊದಿಕೆಗೆ ಹುಡ್, ಟಾಪು ಅಥವಾ ಟಾರ್ಪಾಲು ಎಂಬ ಹೆಸರುಗಳಿವೆ. ಹೊದಿಕೆಯೂ ವಾಹನದ ದೇಹವೂ ಕೂಡುವ ಜಾಗಗಳಲ್ಲಿರುವ ರಬ್ಬರ್ ಪಟ್ಟಿಗಳು, ಹೊಲಿಗೆಗಳು ಮತ್ತು ನೀರು ಹರಿದುಹೋಗುವ ಕಾಲುವೆಗಳು ಸುಸ್ಥಿತಿಯಲ್ಲಿರುವುದೇ ಸೋರಿಕೆ ತಡೆಯ ಮುಖ್ಯ ಅಂಶ.

ಸೋರಿಕೆಯನ್ನು ಬರಿಯ ಕಿರಿಕಿರಿ ಎಂದು ಭಾವಿಸುವವರು ಹೆಚ್ಚು. ಅದು ತಪ್ಪು ಗ್ರಹಿಕೆ. ಹಾಸುಗಂಬಳಿಯ ಕೆಳಗೆ ನಿಂತ ನೀರು ಕಣ್ಣಿಗೆ ಕಾಣದೆ ನೆಲದ ತಗಡನ್ನು ತಿನ್ನುತ್ತದೆ. ವಿದ್ಯುತ್ ತಂತಿಗಳ ಜೋಡಣೆಗಳಲ್ಲಿ ಹಸಿರು ಕಿಲುಬು ಕಟ್ಟುತ್ತದೆ. ಒಳಗಿನ ತೇವದಿಂದ ಗಾಜು ಮಂಜಾಗಿ ಮಳೆಯ ರಾತ್ರಿ ದಾರಿಯೇ ಕಾಣದಂತಾಗುತ್ತದೆ. ಘಟ್ಟದ ತಿರುವುಗಳಲ್ಲಿ ಈ ಕೊನೆಯ ಅಂಶವೊಂದೇ ಅಪಾಯಕ್ಕೆ ಸಾಕು.

ಹಿನ್ನೆಲೆ

ಮೋಟಾರು ವಾಹನಗಳ ಆರಂಭಕಾಲದಲ್ಲಿ ಬಹುತೇಕ ಎಲ್ಲ ಕಾರುಗಳೂ ಕುದುರೆಗಾಡಿಯ ಮಾದರಿಯಲ್ಲಿ ತೆರೆದ ದೇಹದವೇ ಆಗಿದ್ದವು. ಮಳೆ ಬಂದರೆ ಮೇಣ ಅಥವಾ ರಬ್ಬರ್ ಸವರಿದ ಬಟ್ಟೆಯನ್ನು ಕಮಾನುಗಳ ಮೇಲೆ ಎಳೆಯುತ್ತಿದ್ದರು. ಮುಚ್ಚಿದ ಉಕ್ಕಿನ ಛಾವಣಿ ರೂಢಿಗೆ ಬಂದ ಮೇಲೆ ತೆರೆದ ಕಾರು ವಿಲಾಸದ ವಸ್ತುವಾಯಿತು. ಫ್ರಾನ್ಸಿನ ಪೂಜೋ ಕಂಪನಿ 1934ರಲ್ಲಿ, ಲೋಹದ ಛಾವಣಿಯೇ ಹಿಂದಕ್ಕೆ ಸರಿದು ಡಿಕ್ಕಿಯೊಳಗೆ ಅಡಗುವ 401 ಎಕ್ಲಿಪ್ಸ್ ಮಾದರಿಯನ್ನು ತಂದಿತು. ಇದರ ಹಿಂದಿನ ಕಲ್ಪನೆ ವೃತ್ತಿಯಿಂದ ದಂತವೈದ್ಯರಾಗಿದ್ದ ಜಾರ್ಜ್ ಪೋಲಾಂ ಅವರದು. 1939ರಲ್ಲಿ ಅಮೆರಿಕದ ಪ್ಲಿಮತ್ ಕಾರಿನಲ್ಲಿ ಯಂತ್ರಬಲದಿಂದ ಏರಿಳಿಯುವ ಬಟ್ಟೆಯ ಛಾವಣಿ ಬಂದಿತು.

ಭಾರತದ ಕಥೆ ಬೇರೆ ದಾರಿ ಹಿಡಿಯಿತು. ಎರಡನೆಯ ಮಹಾಯುದ್ಧದಲ್ಲಿ ಬಳಕೆಯಾದ ವಿಲ್ಲಿಸ್ ಜೀಪಿನ ವಿನ್ಯಾಸವನ್ನು ಮಹೀಂದ್ರ ಸಂಸ್ಥೆ 1940ರ ದಶಕದ ಕೊನೆಯ ಹೊತ್ತಿಗೆ ಮುಂಬಯಿಯಲ್ಲಿ ಜೋಡಿಸತೊಡಗಿತು. ಮುಂದೆ ಸಿಜೆ-3ಬಿ, ಎಂಎಂ 540, ಕಮ್ಯಾಂಡರ್, ಮೇಜರ್ ಮೊದಲಾದ ಮಾದರಿಗಳು ಬಂದವು. 1985ರಲ್ಲಿ ಮಾರುತಿ ಜಿಪ್ಸಿ ಮಾರುಕಟ್ಟೆಗೆ ಬಂತು. ಇವುಗಳಲ್ಲಿ ಬಹುಪಾಲು ಬಟ್ಟೆ ಅಥವಾ ರೆಕ್ಸಿನ್ ಹೊದಿಕೆಯವು. ಬೇಲೂರು, ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯ ಕಾಫಿ ತೋಟಗಳಲ್ಲಿ ಗೊಬ್ಬರದ ಚೀಲ, ಕಾಫಿ ಮೂಟೆ, ಆಳುಕಾಳು, ಶಾಲೆಯ ಮಕ್ಕಳು ಎಲ್ಲರೂ ಎಲ್ಲವೂ ಸಾಗಿದ್ದು ಇಂತಹ ಜೀಪುಗಳಲ್ಲೇ. ಸ್ಯಾನ್ ಮೋಟಾರ್ಸ್ 1990ರ ದಶಕದ ಕೊನೆಯಲ್ಲಿ ಹೊರತಂದ ಸ್ಯಾನ್ ಸ್ಟಾರ್ಮ್ ಎಂಬ ಎರಡು ಬಾಗಿಲಿನ, ಫೈಬರ್ ಗ್ಲಾಸ್ ದೇಹದ ತೆರೆದ ಕಾರು ಹೆಚ್ಚು ಮಾರಾಟವಾಗಲಿಲ್ಲ. 2010ರಲ್ಲಿ ಬಂದ ಮಹೀಂದ್ರ ಥಾರ್ ಮತ್ತು 2020ರ ಅಕ್ಟೋಬರ್ 2ರಂದು ಬಿಡುಗಡೆಯಾದ ಅದರ ಎರಡನೆಯ ಪೀಳಿಗೆ, ಮಡಿಸುವ ಹೊದಿಕೆಯನ್ನು ನಗರದ ಯುವಕರಿಗೂ ಪರಿಚಯಿಸಿದವು. ಹೊಸ ಥಾರ್‌ನ ನೆಲವನ್ನು ನೀರು ಹಾಕಿ ತೊಳೆಯಬಹುದಾಗಿದ್ದು, ಆ ನೀರು ಹೊರಹೋಗಲು ತಳದಲ್ಲಿ ಬಿರಡೆಗಳಿವೆ. ತೆರೆದ ವಾಹನದೊಳಕ್ಕೆ ಸ್ವಲ್ಪವಾದರೂ ನೀರು ಬಂದೇ ಬರುತ್ತದೆಂಬುದನ್ನು ತಯಾರಕರೇ ಒಪ್ಪಿ ಮಾಡಿದ ಏರ್ಪಾಡು ಇದು.

ಹಾಸನ ಜಿಲ್ಲೆಯ ಹವೆ ಮತ್ತು ಹೊದಿಕೆ

ಹಾಸನ ಜಿಲ್ಲೆಯಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಹೋದಂತೆ ಮಳೆ ಏರುತ್ತದೆ. ಅರಸೀಕೆರೆ ತೆಂಗು, ರಾಗಿಯ ಬಯಲುಸೀಮೆ. ಸಕಲೇಶಪುರ ಪಶ್ಚಿಮಘಟ್ಟದ ಅಂಚಿನ ದಟ್ಟ ಮಳೆಯ ಪ್ರದೇಶ. ಹಾಸನ–ಬೇಲೂರು ರಸ್ತೆಯಲ್ಲಿ, ಹಳೇಬೀಡಿಗೆ ದಾರಿ ಕವಲೊಡೆಯುವ ಹಗರೆ ಇವೆರಡರ ನಡುವಣ ಅರೆಮಲೆನಾಡಿನ ಊರು. ಅರಸೀಕೆರೆಯಿಂದ ಜಾವಗಲ್, ಹಳೇಬೀಡು, ಹಗರೆ ಮಾರ್ಗವಾಗಿ ಬೇಲೂರಿಗೆ ಹೋಗುವ ಜೀಪು ಒಂದೇ ದಿನದಲ್ಲಿ ಧೂಳನ್ನೂ ಜಡಿಮಳೆಯನ್ನೂ ಕಾಣಬಹುದು.

ಈ ವ್ಯತ್ಯಾಸ ಹೊದಿಕೆಯ ದೃಷ್ಟಿಯಿಂದ ಮುಖ್ಯವಾದುದು. ರಬ್ಬರನ್ನು ಹಾಳುಮಾಡುವುದು ಮಳೆಯಲ್ಲ, ಬೇಸಿಗೆ. ಮಾರ್ಚ್‌ನಿಂದ ಮೇ ತನಕದ ಬಿಸಿಲು, ಗಾಳಿಯಲ್ಲಿರುವ ಓಜೋನ್ ಮತ್ತು ಧೂಳು ಸೇರಿ ರಬ್ಬರಿನ ಮೆದುತನವನ್ನು ಕಳೆಯುತ್ತವೆ. ಆರಿದ್ರಾ, ಪುನರ್ವಸು ಮಳೆಗಳು ಆಗಿರುವ ಹಾನಿಯನ್ನು ತೋರಿಸಿಕೊಡುತ್ತವೆ, ಅಷ್ಟೆ. ಮಳೆಗಾಲದಲ್ಲಿ ಸೋರುವ ಜೀಪಿಗೆ ಚಿಕಿತ್ಸೆ ನಡೆಯಬೇಕಾದದ್ದು ಬೇಸಿಗೆಯಲ್ಲಿ ಎಂಬ ಮಾತಿಗೆ ಇದೇ ಆಧಾರ. ಮಲೆನಾಡಿನ ಪಟ್ಟಣಗಳಿಗಿಂತ ಬಯಲುಸೀಮೆಯಲ್ಲಿ ನಿಂತ ವಾಹನದ ಪಟ್ಟಿಗಳು ಬೇಗ ಬಿರುಕು ಬಿಡುವುದು ಇದರಿಂದಲೇ.

ಹೊದಿಕೆಯ ವಸ್ತು

ಹಳೆಯ ಜೀಪುಗಳ ಹೊದಿಕೆ ಹತ್ತಿಯ ದಪ್ಪ ಕ್ಯಾನ್ವಾಸ್. ಹತ್ತಿಗೆ ಒಂದು ವಿಶೇಷ ಗುಣವಿದೆ. ನೆನೆದಾಗ ಅದರ ನೂಲು ಉಬ್ಬಿ ನೇಯ್ಗೆಯ ಸಂದುಗಳನ್ನೂ ಸೂಜಿಯ ತೂತುಗಳನ್ನೂ ತಾನೇ ಮುಚ್ಚಿಕೊಳ್ಳುತ್ತದೆ. ಆದುದರಿಂದ ಹೊಸ ಕ್ಯಾನ್ವಾಸ್ ಮೊದಲ ಮಳೆಗೆ ಕೊಂಚ ಜಿನುಗಿ ಅನಂತರ ನಿಲ್ಲುವುದುಂಟು. ಆದರೆ ನೆನೆದ ಕ್ಯಾನ್ವಾಸನ್ನು ಒಳಗಿನಿಂದ ಬೆರಳಿನಿಂದ ಮುಟ್ಟಿದರೆ, ನೂಲುಗಳ ನಡುವೆ ಹಿಡಿದು ನಿಂತಿದ್ದ ನೀರು ಆ ಜಾಗದಲ್ಲಿ ಒಳಕ್ಕೆ ಇಳಿಯತೊಡಗುತ್ತದೆ. ಡೇರೆಯಲ್ಲಿ ಮಲಗಿದವರಿಗೆ ಇದು ಗೊತ್ತಿರುವ ಸಂಗತಿ. ಹೊದಿಕೆಗೆ ತಾಗುವಂತೆ ಮೂಟೆಗಳನ್ನು ಪೇರಿಸಬಾರದೆಂಬುದಕ್ಕೆ ಕಾರಣವೂ ಇದೇ.

ಅನಂತರ ಬಂದ ರೆಕ್ಸಿನ್ ಅಥವಾ ವಿನೈಲ್ ಹೊದಿಕೆಯಲ್ಲಿ ಬಟ್ಟೆಯ ಮೇಲೆ ಪಿವಿಸಿಯ ಪದರವಿರುತ್ತದೆ. ಅದರ ಹಾಳೆಯ ಮೂಲಕ ನೀರು ಇಳಿಯುವುದಿಲ್ಲ. ಆದರೆ ಪಾಲಿಯೆಸ್ಟರ್ ನೂಲು ನೀರಿಗೆ ಉಬ್ಬದ ಕಾರಣ ಹೊಲಿಗೆಯ ಪ್ರತಿಯೊಂದು ತೂತೂ ತೂತಾಗಿಯೇ ಉಳಿಯುತ್ತದೆ. ದುಬಾರಿ ಕನ್ವರ್ಟಿಬಲ್‌ಗಳಲ್ಲಿ ಮೂರು ಪದರದ ಬಟ್ಟೆ ಇರುತ್ತದೆ: ಹೊರಗೆ ಅಕ್ರಿಲಿಕ್ ಅಥವಾ ಪಾಲಿಯೆಸ್ಟರ್ ನೇಯ್ಗೆ, ನಡುವೆ ರಬ್ಬರ್ ಪದರ, ಒಳಗೆ ಅಸ್ತರಿ. ನೀರನ್ನು ತಡೆಯುವುದು ನಡುವಿನ ಪದರ. ಹೊರಬಟ್ಟೆ ಒದ್ದೆಯಾಗಿ ಕಪ್ಪಿಟ್ಟಂತೆ ಕಂಡರೂ ಅದು ಸೋರಿಕೆಯ ಲಕ್ಷಣವಲ್ಲ.

ಕೂಡುಜಾಗಗಳ ಪಟ್ಟಿಗಳನ್ನು ಇಂದು ಸಾಮಾನ್ಯವಾಗಿ ಇಪಿಡಿಎಂ ಎಂಬ ಕೃತಕ ರಬ್ಬರಿನಿಂದ ಮಾಡುತ್ತಾರೆ. ದಕ್ಷಿಣ ಕನ್ನಡದ ತೋಟಗಳಲ್ಲಿ ಬೆಳೆಯುವ ನೈಸರ್ಗಿಕ ರಬ್ಬರ್ ಎಳೆತಕ್ಕೆ ಗಟ್ಟಿಯಾದರೂ ಓಜೋನಿಗೆ ಬಿರುಕುಬಿಡುತ್ತದೆ. ಇಪಿಡಿಎಂ ಬಿಸಿಲು, ಓಜೋನ್, ನೀರುಗಳನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಅದರ ಒಂದೇ ದೊಡ್ಡ ದೌರ್ಬಲ್ಯ ಪೆಟ್ರೋಲಿಯಂ ಎಣ್ಣೆ. ಡೀಸೆಲ್, ಎಂಜಿನ್ ಆಯಿಲ್, ಸಾಮಾನ್ಯ ಗ್ರೀಸ್ ತಾಗಿದರೆ ಅದು ಉಬ್ಬಿ ಮೆತ್ತಗಾಗಿ ರೂಪ ಕಳೆದುಕೊಳ್ಳುತ್ತದೆ. ಅಡ್ಡಕೊಯ್ದು ನೋಡಿದರೆ ಇಂತಹ ಪಟ್ಟಿಯೊಳಗೆ ಟೊಳ್ಳು ಕೊಳವೆಯಿದ್ದು, ಒತ್ತಿದಾಗ ಚಪ್ಪಟೆಯಾಗಿ ಗಾಜಿಗೋ ಚೌಕಟ್ಟಿಗೋ ಅಂಟಿ ಕೂರುತ್ತದೆ.

ನೀರು ಒಳನುಗ್ಗುವ ಬಗೆ

ನೀರು ಇಳಿಜಾರಿನಲ್ಲಿ ಹರಿಯುತ್ತದೆಂಬುದು ಎಲ್ಲರಿಗೂ ತಿಳಿದಿದೆ. ವಾಹನದಲ್ಲಿ ಅದು ಮೇಲಕ್ಕೂ ಏರುತ್ತದೆ. ಎರಡು ಮೇಲ್ಮೈಗಳ ನಡುವೆ ಕೂದಲೆಳೆಯಷ್ಟು ಸಂದಿದ್ದರೆ ಲೋಮನಾಳ ಕ್ರಿಯೆಯಿಂದ ನೀರು ಅದರೊಳಕ್ಕೆ ಸೆಳೆಯಲ್ಪಡುತ್ತದೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವುದೂ ಇದರಿಂದಲೇ. ಅಂಚು ಬಿಚ್ಚಿದ ಬಟ್ಟೆಯ ನೂಲು ಇಂತಹ ಬತ್ತಿಯಂತೆಯೇ ಹೊರಗಿನ ನೀರನ್ನು ಒಳಕ್ಕೆ ತರಬಲ್ಲದು.

ಎರಡನೆಯ ಕಾರಣ ವೇಗ. ವಾಹನ ಓಡುವಾಗ ಛಾವಣಿಯ ಮೇಲೆ ಹಾಯುವ ಗಾಳಿಯ ಒತ್ತಡ ಕುಸಿದು, ಒಳಗಿನ ಗಾಳಿ ಬಟ್ಟೆಯನ್ನು ಮೇಲಕ್ಕೆ ಉಬ್ಬಿಸುತ್ತದೆ. ಆಗ ಪಟ್ಟಿಯ ಮೇಲಿನ ಬಿಗಿತ ಸಡಿಲವಾಗುತ್ತದೆ. ಇದೇ ಹೊತ್ತಿಗೆ ಎದುರುಗಾಳಿ ಮುಂಗಾಜಿನ ಮೇಲಿನ ನೀರನ್ನು ಛಾವಣಿಯ ಅಂಚಿಗೆ ತಳ್ಳುತ್ತದೆ. ಮನೆಯ ಮುಂದೆ ನಿಂತಾಗ ಒಂದು ಹನಿಯೂ ಸೋರದ ಜೀಪು ಹೆದ್ದಾರಿಯಲ್ಲಿ ಚಾಲಕನ ತೊಡೆಯ ಮೇಲೆ ಹನಿಸುವುದು ಏಕೆಂಬುದಕ್ಕೆ ಇದು ಉತ್ತರ.

ಮೂರನೆಯದು ಹೊದಿಕೆಯ ಪದರಗಳ ಕ್ರಮ. ಮಂಗಳೂರು ಹೆಂಚಿನ ಮನೆಯಲ್ಲಿ ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಹೊದೆಯುತ್ತದೆಯೇ ಹೊರತು ಕೆಳಗೆ ತೂರುವುದಿಲ್ಲ. ಜೀಪಿನ ಹುಡ್ಡಿಗೂ ಇದೇ ನಿಯಮ. ಪಕ್ಕದ ಪರದೆಯ ಮೇಲಂಚು ಛಾವಣಿಯ ಜೋಲುಪಟ್ಟಿಯ ಒಳಗಿರಬೇಕು. ಅವಸರದಲ್ಲಿ ಅದನ್ನು ಹೊರಗೆ ಬಿಟ್ಟು ಗುಂಡಿ ಹಾಕಿದರೆ ನೀರಿಗೆ ಬಾಗಿಲು ತೆರೆದಂತೆ. ಸೋರುತ್ತದೆಂಬ ದೂರುಗಳಲ್ಲಿ ಕೆಲವು ಇಷ್ಟರಿಂದಲೇ ಪರಿಹಾರವಾಗುತ್ತವೆ. ಬೇಲೂರು, ಹಳೇಬೀಡುಗಳ ಹೊಯ್ಸಳ ದೇವಾಲಯಗಳಲ್ಲಿ ಗೋಡೆಯಿಂದ ಮುಂಚಾಚಿದ ಇಳಿಜಾರು ಕಪೋತಗಳಿವೆ. ನೀರು ಗೋಡೆಗೆ ತಾಗದೆ ದೂರ ಬೀಳುತ್ತದೆ. ಕಾರಿನ ವಿನ್ಯಾಸಕಾರರಿಗೆ ಅಷ್ಟು ಮುಂಚಾಚಲು ಜಾಗವಿಲ್ಲದ ಕಾರಣ ಬಾಗಿಲಿನ ಮೇಲೆ ಬೆರಳಗಲದ ನೀರುಗಾಲುವೆಯನ್ನಷ್ಟೇ ಇಡುತ್ತಾರೆ. ಅದರಲ್ಲಿ ಧೂಳು ಕಟ್ಟಿದರೆ ಆ ರಕ್ಷಣೆಯೂ ಹೋಯಿತು.

ಜೀಪು ಮಾದರಿಯ ವಾಹನಗಳಲ್ಲಿ ಪದೇಪದೇ ಸೋರುವ ಜಾಗಗಳು ಕೆಲವೇ. ಹುಡ್ಡಿನ ಮುಂಭಾಗ ಸಿಕ್ಕಿಕೊಳ್ಳುವ ಮುಂಗಾಜಿನ ಮೇಲ್ಚೌಕಟ್ಟು. ಮುಂದಕ್ಕೆ ಮಡಿಸಬಲ್ಲ ಮುಂಗಾಜಿನ ತಳದ ಪಟ್ಟಿ. ಬಾಗಿಲಿನ ಮುಂದಿನ ಮೇಲ್ಮೂಲೆ, ಅಂದರೆ ಮೂರು ದಿಕ್ಕಿನ ಪಟ್ಟಿಗಳು ಸೇರುವ ಸಂಧಿ. ಹಿಂದಿನ ಪರದೆಯ ಜಿಪ್ಪು. ಯಂತ್ರದಿಂದ ಮಡಿಯುವ ಛಾವಣಿಯ ಕಾರುಗಳಲ್ಲಿ ಇವಲ್ಲದೆ ಮತ್ತೊಂದಿದೆ. ಛಾವಣಿ ಅಡಗುವ ಹಿಂದಿನ ಗೂಡಿಗೆ ಇಳಿದ ನೀರು ಎರಡು ಬದಿಯ ಕೊಳವೆಗಳ ಮೂಲಕ ಚಕ್ರದ ಬಳಿ ಹೊರಬೀಳಬೇಕು. ಈ ಕೊಳವೆಗಳು ಎಲೆ, ಮಣ್ಣಿನಿಂದ ಮುಚ್ಚಿಹೋದರೆ ಗೂಡು ತುಂಬಿ ನೀರು ಆಸನದ ಹಿಂದಕ್ಕೆ ಉಕ್ಕುತ್ತದೆ. ಪಟ್ಟಿ ಎಷ್ಟೇ ಹೊಸದಾಗಿದ್ದರೂ ಇದನ್ನು ತಡೆಯಲಾರದು. ಕಾಫಿ ತೋಟದಲ್ಲಿ ನೆರಳಿಗೆ ಬೆಳೆಸುವ ಸಿಲ್ವರ್ ಓಕ್ ಮರದ ಕೆಳಗೆ ನಿಲ್ಲಿಸಿದ ವಾಹನಕ್ಕೆ ಈ ತೊಂದರೆ ಹೆಚ್ಚು.

ಸೋರಿಕೆಯ ಮೂಲವನ್ನು ಪತ್ತೆಹಚ್ಚುವುದು

ನೀರು ಕಂಡ ಜಾಗವೇ ನೀರು ಬಂದ ಜಾಗವಲ್ಲ. ಛಾವಣಿಯ ಮುಂಭಾಗದಲ್ಲಿ ಒಳಸೇರಿದ ಹನಿ ಕಮಾನಿನ ಗುಂಟ ಹರಿದು ಹಿಂದಿನ ಆಸನದ ಮೇಲೆ ಬೀಳಬಹುದು. ಆದುದರಿಂದ ಪಟ್ಟಿ ಬದಲಿಸುವ ಮೊದಲು ಪರೀಕ್ಷೆ ಅಗತ್ಯ.

ವಾಹನದ ಒಳಭಾಗವನ್ನು ಪೂರ್ತಿ ಒಣಗಿಸಿ ನೆಲದ ಮೇಲೂ ಆಸನಗಳ ಮೇಲೂ ಹಳೆಯ ದಿನಪತ್ರಿಕೆಗಳನ್ನು ಹರಡಬೇಕು. ಹನಿ ಬಿದ್ದಲ್ಲಿ ಕಾಗದ ಕಪ್ಪಾಗಿ ಸ್ಪಷ್ಟವಾಗಿ ಗುರುತು ಕೊಡುತ್ತದೆ. ಒಬ್ಬರು ಟಾರ್ಚ್ ಹಿಡಿದು ಒಳಗೆ ಕೂರಬೇಕು, ಇನ್ನೊಬ್ಬರು ಹೊರಗಿನಿಂದ ರಬ್ಬರ್ ಕೊಳವೆಯಲ್ಲಿ ನೀರನ್ನು ಮೆಲ್ಲಗೆ ಹರಿಸಬೇಕು. ಕೆಳಗಿನಿಂದ ಆರಂಭಿಸಿ ಮೇಲಕ್ಕೆ ಹೋಗುವುದು ಮುಖ್ಯ. ಮೊದಲೇ ಛಾವಣಿಯ ಮೇಲೆ ಸುರಿದರೆ ನೀರು ಎಲ್ಲ ಜಾಗಗಳಿಗೂ ಇಳಿದು ಯಾವುದರಿಂದ ಬಂತೆಂಬುದು ತಿಳಿಯದು. ಒಂದೊಂದು ಭಾಗಕ್ಕೂ ಕೆಲವು ನಿಮಿಷ ಕೊಟ್ಟು ಕಾಯುವ ತಾಳ್ಮೆ ಬೇಕು.

ನೀರಿಲ್ಲದೆಯೂ ಎರಡು ಪರೀಕ್ಷೆಗಳುಂಟು. ಬಾಗಿಲಿನ ಪಟ್ಟಿಯ ಮೇಲೆ ಕಾಗದದ ಚೂರಿಟ್ಟು ಮುಚ್ಚಿ ಎಳೆದಾಗ ಅದು ತಡೆಯಿಲ್ಲದೆ ಜಾರಿ ಬಂದರೆ ಅಲ್ಲಿ ಬಿಗಿತವಿಲ್ಲವೆಂದು ಅರ್ಥ. ಪಟ್ಟಿಗೆ ಸೀಮೆಸುಣ್ಣದ ಪುಡಿ ಸವರಿ ಛಾವಣಿಯನ್ನು ಮುಚ್ಚಿ ತೆರೆದರೆ, ಎದುರಿನ ಚೌಕಟ್ಟಿನಲ್ಲಿ ಬಿಳಿಗೆರೆ ಮೂಡುತ್ತದೆ. ಗೆರೆ ತುಂಡಾದ ಜಾಗವೇ ಸಂದು. ಶಾಲೆಯ ಕಪ್ಪುಹಲಗೆಯ ಬಳಿ ಸಿಗುವ ಸುಣ್ಣದ ಕಡ್ಡಿಯೇ ಇದಕ್ಕೆ ಸಾಕು; ದುಬಾರಿ ಉಪಕರಣ ಬೇಡ.

ಎಲ್ಲ ನೀರೂ ಮಳೆನೀರಲ್ಲ ಎಂಬುದನ್ನೂ ಮರೆಯಬಾರದು. ಬಿಸಿಲಿನ ದಿನವೂ ಮುಂದಿನ ಆಸನದ ಪಾದದ ಬಳಿ ಶುದ್ಧ ನೀರು ಕಂಡರೆ ಹವಾನಿಯಂತ್ರಕದ ಹೊರಗೊಳವೆ ಕಟ್ಟಿರಬಹುದು. ಅಂಟಾದ, ಸಿಹಿವಾಸನೆಯ ದ್ರವ ಕಂಡರೆ ಅದು ಎಂಜಿನ್ ತಂಪಾಗಿಸುವ ಕೂಲಂಟ್. ಇವುಗಳಿಗೆ ಛಾವಣಿ ಕಾರಣವಲ್ಲ.

ಪಟ್ಟಿಗಳ ಆರೈಕೆ

ಪಟ್ಟಿಯನ್ನು ಮೊದಲು ಮೃದುವಾದ ಸಾಬೂನು ನೀರಿನಲ್ಲಿ ಬಟ್ಟೆ ಅದ್ದಿ ಒರೆಸಬೇಕು. ಮಡಿಕೆಗಳ ಒಳಗೆ ಕೂತ ಮರಳು, ಧೂಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆಯಬಹುದು. ಚೆನ್ನಾಗಿ ಒಣಗಿದ ಮೇಲೆ ಸಿಲಿಕೋನ್ ಗ್ರೀಸನ್ನು ತೀರ ತೆಳುವಾಗಿ ಸವರುತ್ತಾರೆ. ಇದು ರಬ್ಬರನ್ನು ಮೆದುವಾಗಿಡುವುದಲ್ಲದೆ, ಮುಚ್ಚಿ ತೆರೆಯುವಾಗ ಪಟ್ಟಿ ಎಳೆದು ಹರಿಯದಂತೆಯೂ ಕಾಯುತ್ತದೆ. ಹೆಚ್ಚು ಹಚ್ಚಿದರೆ ಧೂಳು ಹಿಡಿದು ಮರಳುಕಾಗದದಂತಾಗುತ್ತದೆ. ಗ್ಯಾರೇಜಿನಲ್ಲಿ ಕೈಗೆ ಸಿಕ್ಕ ಗ್ರೀಸನ್ನೋ ವ್ಯಾಸಲೀನನ್ನೋ ಬಳಸುವುದು ಮೇಲೆ ಹೇಳಿದ ಕಾರಣದಿಂದ ತಪ್ಪು. ಅವು ಪೆಟ್ರೋಲಿಯಂ ಮೂಲದವು. ಕೊಬ್ಬರಿ ಎಣ್ಣೆ ಪೆಟ್ರೋಲಿಯಂ ಅಲ್ಲವಾದರೂ ಕಾಲಕ್ರಮದಲ್ಲಿ ಅಂಟುಕಟ್ಟಿ ಧೂಳನ್ನು ಸೆಳೆಯುತ್ತದೆ.

ಬಹುಕಾಲ ಒತ್ತಿಟ್ಟ ಪಟ್ಟಿ ಚಪ್ಪಟೆಯಾಗಿಯೇ ಉಳಿದುಬಿಡುತ್ತದೆ. ಆಗ ಅದಕ್ಕೆ ಎಷ್ಟು ಗ್ರೀಸ್ ಹಚ್ಚಿದರೂ ಪ್ರಯೋಜನವಿಲ್ಲ. ಛಾವಣಿಯ ಕೊಂಡಿಗಳಲ್ಲಿ ಹೊಂದಿಸುವ ತಿರುಪು ಇದ್ದರೆ ಸ್ವಲ್ಪ ಬಿಗಿಮಾಡಬಹುದು. ಅಥವಾ ಪಟ್ಟಿಯ ಬುಡದಲ್ಲಿ ತೆಳುವಾದ ರಬ್ಬರ್ ಹಾಳೆ ಕೊಟ್ಟು ಎತ್ತರಿಸಬಹುದು. ಅತಿಯಾಗಿ ಬಿಗಿಮಾಡಿದರೆ ಚೌಕಟ್ಟೇ ಬಾಗಿ ಬೇರೆಡೆ ಸಂದು ಬೀಳುತ್ತದೆ. ಬಿರುಕುಬಿಟ್ಟ, ಹರಿದ ಪಟ್ಟಿಯನ್ನು ಬದಲಿಸುವುದೊಂದೇ ದಾರಿ. ಹೊಸ ಪಟ್ಟಿಯನ್ನು ಕೂರಿಸುವಾಗ ಅದನ್ನು ಎಳೆದು ಉದ್ದಮಾಡಬಾರದು. ಎಳೆದ ರಬ್ಬರ್ ಕೆಲವೇ ವಾರಗಳಲ್ಲಿ ಹಿಂದಕ್ಕೆ ಸರಿದು ಮೂಲೆಯಲ್ಲಿ ಬಾಯಿ ಬಿಡುತ್ತದೆ.

ಹೊದಿಕೆ, ಹೊಲಿಗೆ ಮತ್ತು ಕೊಳವೆಗಳು

ಕ್ಯಾನ್ವಾಸ್ ಹೊಲಿಗೆಗಳ ಮೇಲೆ ಜೇನುಮೇಣ ಅಥವಾ ಪ್ಯಾರಾಫಿನ್ ಮೇಣವನ್ನು ಉಜ್ಜಿ, ಬಿಸಿಗಾಳಿಯಿಂದ ಕರಗಿಸಿ ನೂಲಿಗೆ ಹೀರಿಸುವುದು ಹಳೆಯ ವಿಧಾನ. ಇಂದಿಗೂ ಅದು ಕೆಲಸ ಮಾಡುತ್ತದೆ. ವಿನೈಲ್ ಹೊಲಿಗೆಗಳಿಗೆ ಬ್ರಷ್ಷಿನಿಂದ ಹಚ್ಚುವ ಹೊಲಿಗೆ ಮುಚ್ಚುಗ ದ್ರವ ಸೂಕ್ತ. ಹರುಕಿಗೆ ತೇಪೆ ಹಾಕುವಾಗ ತುಂಡಿನ ಮೂಲೆಗಳನ್ನು ದುಂಡಗೆ ಕತ್ತರಿಸಬೇಕು. ಚೂಪು ಮೂಲೆ ಬೇಗ ಏಳುತ್ತದೆ. ಸಾಧ್ಯವಾದರೆ ಒಳಗೂ ಹೊರಗೂ ಎರಡು ತೇಪೆ ಒಳ್ಳೆಯದು.

ಒದ್ದೆ ಹುಡ್ಡನ್ನು ಮಡಿಸಿಡುವುದು ಮಲೆನಾಡಿನಲ್ಲಿ ಸಾಮಾನ್ಯವಾಗಿ ನಡೆಯುವ ತಪ್ಪು. ಎರಡು ಮೂರು ದಿನಗಳಲ್ಲೇ ಮಡಿಕೆಯೊಳಗೆ ಬೂಷ್ಟು ಹಿಡಿದು ಹತ್ತಿಯ ನೂಲನ್ನು ಕೊಳೆಯಿಸುತ್ತದೆ. ಒಣಗಿದ ಮೇಲಷ್ಟೇ ಮಡಿಸಬೇಕು. ಹಿಂದಿನ ಪಾರದರ್ಶಕ ಪ್ಲಾಸ್ಟಿಕ್ ಕಿಟಕಿಯನ್ನು ಚಳಿಗಾಲದ ಬೆಳಗಿನಲ್ಲಿ ಅವಸರದಿಂದ ಮಡಿಸಿದರೆ ಅದು ಸೀಳಬಹುದು. ಧೂಳಿದ್ದಾಗ ಒಣಬಟ್ಟೆಯಿಂದ ಒರೆಸಿದರೆ ಗೀರು ಬೀಳುತ್ತದೆ; ಮೊದಲು ಧಾರಾಳವಾಗಿ ನೀರು ಹಾಕಬೇಕು. ಅಧಿಕ ಒತ್ತಡದ ನೀರಿನ ಯಂತ್ರವನ್ನು ಪಟ್ಟಿ ಮತ್ತು ಹೊಲಿಗೆಗಳ ಹತ್ತಿರ ಹಿಡಿಯುವುದು ಸಲ್ಲದು.

ಹೊರಗೊಳವೆಗಳನ್ನು ಶುಚಿಮಾಡಲು ಮೃದುವಾದ ನೈಲಾನ್ ದಾರ ಅಥವಾ ಕಡಿಮೆ ಒತ್ತಡದ ಗಾಳಿ ಬಳಸುತ್ತಾರೆ. ಉಕ್ಕಿನ ತಂತಿ ತೂರಿಸಿದರೆ ಕೊಳವೆ ತೂತಾಗಬಹುದು ಅಥವಾ ಬುಡದಿಂದ ಕಳಚಬಹುದು. ಕಳಚಿದ ಕೊಳವೆ ಕಟ್ಟಿದ ಕೊಳವೆಗಿಂತ ಕೆಟ್ಟದು, ಏಕೆಂದರೆ ಆಗ ಅಷ್ಟೂ ನೀರು ನೇರವಾಗಿ ದೇಹದ ಒಳಪೊಳ್ಳಿಗೆ ಇಳಿಯುತ್ತದೆ. ಕೊನೆಗೆ ಒಂದು ಲೋಟ ನೀರು ಸುರಿದು, ಅದು ಚಕ್ರದ ಬಳಿ ಹೊರಬೀಳುವುದನ್ನು ಕಣ್ಣಾರೆ ನೋಡಬೇಕು.

ಸಂದುಗಳಿಗೆಲ್ಲ ಗಾಜು ಅಂಟಿಸುವ ಸಿಲಿಕೋನ್ ತುಂಬಿಬಿಡುವ ಪದ್ಧತಿಯೂ ಇದೆ. ಅದು ಒಂದು ಮಳೆಗಾಲವನ್ನು ದಾಟಿಸೀತು. ಆದರೆ ಚಲಿಸುವ ಭಾಗಗಳ ನಡುವೆ ಅದು ಬೇಗ ಕಿತ್ತುಬರುತ್ತದೆ, ಮತ್ತು ಅದರ ಶೇಷದ ಮೇಲೆ ಮುಂದೆ ಬೇರಾವ ಅಂಟೂ ಹಿಡಿಯುವುದಿಲ್ಲ. ನೀರು ಹೊರಹೋಗುವ ತೂತುಗಳನ್ನೇ ಸೋರುವ ತೂತುಗಳೆಂದು ತಿಳಿದು ಮುಚ್ಚಿದರಂತೂ ಹಾನಿ ಇಮ್ಮಡಿ.

ನೀರು ಒಳಬಂದ ಮೇಲೆ

ಮೇಲ್ನೋಟಕ್ಕೆ ಹಾಸು ಒಣಗಿದಂತೆ ಕಂಡರೂ ಅದರಡಿಯ ಸ್ಪಂಜು ವಾರಗಟ್ಟಲೆ ನೀರನ್ನು ಹಿಡಿದಿಡುತ್ತದೆ. ಹಾಸನ್ನು ಎತ್ತಿ, ತಳದ ಬಿರಡೆಗಳನ್ನು ತೆಗೆದು, ಸ್ಪಂಜನ್ನು ಹೊರಗೆ ಒಣಗಿಸಬೇಕು. ಆಧುನಿಕ ವಾಹನಗಳಲ್ಲಿ ಆಸನದ ಕೆಳಗೆ ಅಥವಾ ನಡುಭಾಗದ ನೆಲದ ಬಳಿ ತಂತಿ ಜೋಡಣೆಗಳೂ, ಏರ್‌ಬ್ಯಾಗ್ ಮುಂತಾದವುಗಳ ನಿಯಂತ್ರಕಗಳೂ ಇರುವುದುಂಟು. ಅಲ್ಲಿಯವರೆಗೆ ನೀರು ನಿಂತಿದ್ದರೆ ಬ್ಯಾಟರಿಯ ಸಂಪರ್ಕ ತೆಗೆದು ನುರಿತವರಿಗೆ ತೋರಿಸುವುದು ಉಚಿತ. ಹಳದಿ ಹೊದಿಕೆಯ ಏರ್‌ಬ್ಯಾಗ್ ತಂತಿಗಳನ್ನು ತಾವೇ ಬಿಚ್ಚಬಾರದು. ತುಕ್ಕು ಕಂಡಲ್ಲಿ ತಂತಿ ಬ್ರಷ್ಷಿನಿಂದ ಹೊಳೆಯುವ ಲೋಹದವರೆಗೆ ಉಜ್ಜಿ, ತುಕ್ಕುನಿರೋಧಕ ಪ್ರೈಮರ್ ಬಳಿದು ಬಣ್ಣ ಹಚ್ಚುತ್ತಾರೆ. ತುಕ್ಕಿನ ಮೇಲೆಯೇ ಬಳಿದ ಟಾರು ನೋಟಕ್ಕೆ ಚೆಂದ. ಒಳಗೆ ಲೋಹ ಕರಗುತ್ತಲೇ ಇರುತ್ತದೆ.

ಹಳೆಯ ಜೀಪು ಕೊಳ್ಳುವವರು ಹೊಸದಾಗಿ ಹೊಲಿಸಿದ ಹುಡ್ಡನ್ನು ನೋಡಿ ಮರುಳಾಗದೆ, ಚಾಲಕನ ಪಾದದಡಿಯ ತಗಡನ್ನೂ ಆಸನಗಳ ಬುಡವನ್ನೂ ಬೆರಳಿನಿಂದ ಒತ್ತಿ ನೋಡಬೇಕು.

ನಿರ್ವಹಣೆಯ ಕಾಲ

ಹಾಸನ, ಚಿಕ್ಕಮಗಳೂರು ಜಿಲ್ಲೆಗಳ ಮಟ್ಟಿಗೆ ಮೇ ತಿಂಗಳ ಮಧ್ಯಭಾಗ ಪರೀಕ್ಷೆಗೆ ತಕ್ಕ ಕಾಲ. ಮುಂಗಾರುಪೂರ್ವದ ಗುಡುಗುಮಳೆಗಳು ಆಗಲೇ ಒಂದೆರಡು ಬಿದ್ದು ಸೋರುವ ಜಾಗಗಳನ್ನು ತೋರಿಸಿರುತ್ತವೆ. ಪಟ್ಟಿ ತರಿಸಿ ಕೂರಿಸಲು, ಅಂಟು ಒಣಗಲು ಜೂನ್‌ವರೆಗೆ ಬಿಸಿಲೂ ಉಳಿದಿರುತ್ತದೆ. ಮಳೆಗಾಲದ ನಡುವೆ ವಾರಕ್ಕೊಮ್ಮೆ ನೀರುಗಾಲುವೆಯ ಎಲೆಗಳನ್ನು ತೆಗೆಯುವುದು ಸಾಕಾಗುತ್ತದೆ. ಅಕ್ಟೋಬರ್‌ನಲ್ಲಿ ಮಳೆ ಹಿಂದೆ ಸರಿದ ಮೇಲೆ ಹಾಸುಗಳನ್ನು ಎತ್ತಿ ನೆಲವನ್ನು ಒಮ್ಮೆ ನೋಡುತ್ತಾರೆ. ಅರಸೀಕೆರೆಯಂತಹ ಒಣ ಪ್ರದೇಶದಲ್ಲಿ ಇದರ ಜೊತೆಗೆ ಫೆಬ್ರವರಿಯಲ್ಲಿಯೂ ಒಮ್ಮೆ ಪಟ್ಟಿಗಳಿಗೆ ಸಿಲಿಕೋನ್ ಸವರುವುದು ಒಳಿತು, ಏಕೆಂದರೆ ಅಲ್ಲಿ ಬಿಸಿಲಿನ ಕಾಲ ಮಳೆಯ ಕಾಲಕ್ಕಿಂತ ದೀರ್ಘವಾದುದು.